ಕೊನೆಯ ಮೂವತ್ತೆರಡು ರೂಪಾಯಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ದುಡ್ಡಿಟ್ಟು ಇಸ್ಪೀಟು ಆಡುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಹೇಳದೆ ಇದ್ದರೆ ಮುಂದಿನ ಮಾತು ಬರುವುದಿಲ್ಲ. ಬಂಟ್ವಾಳ ಪೇಟೆಯ ನಮ್ಮ ಓಣಿಯಲ್ಲಿ ಆಗ ಏಳು ಮಂದಿ ಹೆಂಗಸರದ್ದು ಒಂದು ಚೀಟಿ ಇತ್ತು. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ, ಗಂಡಸರು ಊಟ ಮುಗಿಸಿ ನಿದ್ದೆಗೆ ಬಿದ್ದ ಹೊತ್ತಿನಲ್ಲಿ, ಯಾರಾದರೊಬ್ಬರ ಮನೆಯ ಚಾವಡಿಯಲ್ಲಿ ಸೇರುವುದು, ಚೀಟಿ ಎತ್ತುವುದು, ಗೋಳಿಬಜೆ ತಿಂದು ಚಹಾ ಕುಡಿಯುವುದು. ಎದ್ದು ಹೋಗಲು ಯಾರಿಗೂ ಮನಸ್ಸಿರುತ್ತಿರಲಿಲ್ಲ. ಮನೆಗೆ ಹೋದರೆ ಅದೇ ಪಾತ್ರೆ, ಅದೇ ರಾತ್ರಿಯ ಅಡಿಗೆ. ಹೀಗೆ ಒಂದು ದಿನ ಯಾರೋ ಮಕ್ಕಳ ಕಟ್ಟು ತಂದರು. ಮೊದಮೊದಲು ಹುಣಸೆ ಬೀಜ ಇಟ್ಟು ಆಡಿದೆವು. ಬೀಜ ಹೋಗಿ ನಾಲ್ಕಾಣೆ ಬಂತು, ನಾಲ್ಕಾಣೆ ಹೋಗಿ ರೂಪಾಯಿ ಬಂತು. ಯಾವ ತಿಂಗಳು ಬಂತೆಂದು ಕೇಳಿದರೆ ನಮ್ಮಲ್ಲಿ ಯಾರಿಗೂ ನೆನಪಿಲ್ಲ.

ಆಟ ಮೂರೆಲೆಯದ್ದು. ಗೊತ್ತಿಲ್ಲದವರಿಗೆ ಎರಡು ಮಾತು. ಎಲ್ಲರೂ ಮೊದಲು ಒಂದೊಂದು ರೂಪಾಯಿ ನಡುವೆ ಇಡಬೇಕು. ತಲೆಗೆ ಮೂರು ಎಲೆ. ಎಲೆ ನೋಡದೆಯೂ ಆಡಬಹುದು, ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ನೋಡಿ ಆಡುವವರು ನೋಡದೆ ಆಡುವವರ ಎರಡರಷ್ಟು ಹಾಕಬೇಕು. ಬೇಕೆನಿಸಿದರೆ ಪಣ ಇಮ್ಮಡಿ ಮಾಡಬಹುದು, ಬೇಡವೆನಿಸಿದರೆ ಎಲೆ ಮಗುಚಿ ಹಾಕಿ ಸುಮ್ಮನೆ ಕೂರಬಹುದು. ಕೊನೆಗೆ ಇಬ್ಬರೇ ಉಳಿದಾಗ ಒಬ್ಬರು ದುಡ್ಡು ಹಾಕಿ ಶೋ ಕೇಳಬೇಕು. ಯಾರ ಎಲೆ ದೊಡ್ಡದೋ ನಡುವಿನ ದುಡ್ಡು ಅವರಿಗೆ.

ಐವತ್ತೆರಡು ಎಲೆಗಳಲ್ಲಿ ಮೂರು ಎಲೆಯ ಕೈ 22,100 ಬಗೆಯಲ್ಲಿ ಬರಬಹುದು. ಅದರಲ್ಲಿ 16,440 ಕೈಗಳಲ್ಲಿ ಏನೂ ಇರುವುದಿಲ್ಲ, ಬರೀ ಬಿಡಿ ಎಲೆ. ಅಂದರೆ ನಾಲ್ಕರಲ್ಲಿ ಮೂರು ಸಲ ಖಾಲಿ ಕೈ. ಜೋಡಿ ಬರುವುದು 3,744 ಸಲ. ಒಂದೇ ಮುಖದ ಮೂರೂ ಎಲೆ ಕೂಡಿ ಬರುವುದು ಬರೀ 52 ಸಲ. ಎರಡು ಎಕ್ಕ ಕೈಗೆ ಬಂದರೆ ಅದನ್ನು ಮೀರುವ ಕೈಗಳು ನೂರಕ್ಕೆ ಒಂಬತ್ತು ಮಾತ್ರ. ಎದುರಿಗೆ ಒಬ್ಬರೇ ಇದ್ದರೆ ನೂರಕ್ಕೆ 91 ಸಲ ನೀವೇ ಗೆಲ್ಲುತ್ತೀರಿ. ಆರು ಮಂದಿಯೂ ಕೊನೆಯ ತನಕ ಕುಳಿತರೆ ಅದು ಸುಮಾರು 58ಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ನಾನು ಒಂದು ರಾತ್ರಿ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲೇ ಮಾಡಿದೆ. ಮಾಡಿದ ಮೇಲೆ ಯಾರಿಗೂ ಹೇಳಲಿಲ್ಲ. ಹೇಳಲಿಲ್ಲ ಎಂಬುದನ್ನು ಗಮನಿಸಿ. ಪೈಥಾಗೊರಸನ ಪ್ರಮೇಯವನ್ನು ಕೇಳದವರ ಕಿವಿಗೂ ತುಂಬಿದವಳು ನಾನು!

ಇಸ್ಪೀಟು ನನಗೆ ಕಲಿಸಿದ್ದು ಮೂಡುಬಿದಿರೆಯಲ್ಲಿ ನನ್ನ ಅಪ್ಪ. ಊರೆಂದರೆ ಸಾವಿರ ಕಂಬದ ಬಸದಿಯ ಊರು. ಪಕ್ಕದ ಮನೆಯ ಜೈನ ಅಜ್ಜಿಗೆ ಸಪ್ತ ವ್ಯಸನಗಳ ಹೆಸರು ನಾಲಿಗೆಯ ತುದಿಯಲ್ಲಿತ್ತು. ಮೊದಲನೆಯದೇ ದ್ಯೂತ. "ಅದನ್ನು ಮೊದಲು ಯಾಕೆ ಇಟ್ಟಿದ್ದಾರೆ ಗೊತ್ತುಂಟಾ? ಮಿಕ್ಕ ಆರಕ್ಕೆ ಅದೇ ಬಾಗಿಲು" ಎಂದು ಬೇಲಿಯಾಚೆಯಿಂದ ಅಪ್ಪನಿಗೆ ಕೇಳುವಂತೆ ಹೇಳುತ್ತಿದ್ದರು. ಅಪ್ಪ ನಗುತ್ತಿದ್ದರು. ಅವರದ್ದೇ ಒಂದು ಧರ್ಮಶಾಸ್ತ್ರ ಇತ್ತು. ಒಳ್ಳೆಯ ಎಲೆ ಬಂದರೆ ಮೊದಲ ಸುತ್ತಿನಲ್ಲೇ ಪಣ ಏರಿಸಬೇಕು. ಎಲೆ ಅಡಗಿಸಿಟ್ಟುಕೊಂಡು, ಪಾಪದವನ ಹಾಗೆ ಒಂದೊಂದೇ ರೂಪಾಯಿ ಹಾಕುತ್ತಾ, ಎಲ್ಲರನ್ನೂ ಒಳಗೆ ಕರೆದು ಕೊನೆಗೆ ಬಲೆ ಎಳೆಯುವುದು ಹೊಂಚು. ಮೊದಲೇ ಏರಿಸುವುದು ಡಂಗುರ. "ನನ್ನ ಕೈಯಲ್ಲಿ ಉಂಟು, ಇಲ್ಲದವರು ಏಳಿ" ಎಂದು ಕೂಗಿ ಹೇಳಿದ ಹಾಗೆ. ಕೇಳಿದವನು ಒಂದು ರೂಪಾಯಿ ಕಳೆದುಕೊಂಡು ಎದ್ದು ಹೋಗುತ್ತಾನೆ, ಮನೆ ಉಳಿಯುತ್ತದೆ.

ನನಗೆ ಬಹಳ ವರ್ಷ ಈ ಮಾತು ಸರಿ ಎನಿಸಿತ್ತು. ಅದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಡಂಗುರ ಕೇಳಿ ಆರು ಮಂದಿಯಲ್ಲಿ ಐವರು ಎದ್ದರೆ ನಿಮ್ಮ 58 ಇದ್ದದ್ದು 91 ಆಗುತ್ತದಲ್ಲ! ಅಪ್ಪನ ಧರ್ಮಕ್ಕೂ ಲಾಭಕ್ಕೂ ಒಮ್ಮೆಯೂ ಜಗಳ ಬಂದದ್ದಿಲ್ಲ. ಅಂಥ ಧರ್ಮವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕಿತ್ತು.

ಇನ್ನು ಮೂಲೆಮನೆ ಅಕ್ಕನ ವಿಷಯ. ಓಣಿಯ ಕೊನೆಯ ಮನೆಯವರಾದ್ದರಿಂದ ನಾವೆಲ್ಲ ಹಾಗೆಯೇ ಕರೆಯುತ್ತಿದ್ದುದು. ಬೀಡಿ ಕಟ್ಟುತ್ತಿದ್ದರು. ಬಂಟ್ವಾಳ, ಬೆಳ್ತಂಗಡಿ ಕಡೆ ಎಷ್ಟು ಮನೆಗಳ ಅನ್ನ ಆ ಎಲೆಯಿಂದ ಬೆಂದಿದೆಯೋ ಲೆಕ್ಕ ಇಟ್ಟವರಿಲ್ಲ. ಎಲೆ ನೆನೆಹಾಕಿ, ಒರೆಸಿ, ಕತ್ತರಿಸಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಹೊಗೆಸೊಪ್ಪು ಹರಡಿ, ಸುತ್ತಿ, ನೂಲು ಬಿಗಿದು, ಕಟ್ಟು ಮಾಡಿ ಬ್ರಾಂಚಿಗೆ ಕೊಟ್ಟು ಬಂದರೆ ವಾರಕ್ಕೊಮ್ಮೆ ಮಜೂರಿ. ಅವರ ಬೆರಳುಗಳು ನಮ್ಮೆಲ್ಲರಿಗಿಂತ ಚುರುಕು. ಅವರು ಎಲೆ ಹಂಚುವುದನ್ನು ನೋಡುವುದೇ ಒಂದು ಚಂದ. ಆದರೆ ಆಟದಲ್ಲಿ ಕೈ ಬಹಳ ಸಡಿಲ. ಬ್ಲೈಂಡ್ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಎಲೆ ಮಗುಚಿ ಏಳುವುದಂತೂ ಅವರ ಜಾತಕದಲ್ಲೇ ಇರಲಿಲ್ಲ. ಒಮ್ಮೆ ನಾನೇ ಕೇಳಿದೆ, "ಅಕ್ಕ, ಒಂದು ಸಲ ನೋಡಿ, ಇಲ್ಲದಿದ್ದರೆ ಬಿಸಾಡಬಾರದಾ?" ಅವರು ಹೇಳಿದ್ದು ತುಳುವಿನಲ್ಲಿ, ನಾನು ಕನ್ನಡ ಮಾಡುತ್ತಿದ್ದೇನೆ: "ಬ್ರಾಂಚಿನಲ್ಲಿ ನಾನು ಕಟ್ಟಿದ್ದನ್ನು ಅವರು ಸರಿಯಿಲ್ಲವೆಂದು ಬಿಸಾಡುತ್ತಾರೆ ಟೀಚರೇ. ಇಲ್ಲಿಯೂ ನನ್ನದನ್ನು ನಾನೇ ಬಿಸಾಡಬೇಕಾ?"

ಎಲ್ಲರೂ ನಕ್ಕೆವು. ನಾನೂ ನಕ್ಕೆ.

1996ರ ದೀಪಾವಳಿ ಕಳೆದ ಮೇಲಿನ ಚೀಟಿ ನಮ್ಮ ಮನೆಯಲ್ಲೇ ಇತ್ತು. ಐದೋ ಆರೋ ಆಟ ಮುಗಿದಿತ್ತು. ಎಲೆ ಎತ್ತಿ ನೋಡಿದೆ: ಇಸ್ಪೀಟಿನ ಎಕ್ಕ, ಕಳಾವರಿನ ಎಕ್ಕ, ಆಟೀನಿನ ಒಂಬತ್ತು. ಅಪ್ಪ ಹೇಳಿಕೊಟ್ಟ ಹಾಗೆ ಮೊದಲ ಸುತ್ತಿನಲ್ಲೇ 4 ರೂಪಾಯಿ ಹಾಕಿದೆ. ನಾಲ್ವರು ಕೂಡಲೇ ಎಲೆ ಮಗುಚಿದರು. ಎದುರುಮನೆಯವರು ಒಂದು ಸುತ್ತು ಹಿಂದೆ ಬಂದು ಅವರೂ ಎದ್ದರು. ಮೂಲೆಮನೆ ಅಕ್ಕ ನೋಡದೆ 2 ಹಾಕಿದರು. ನಾನು 8. ಅವರು 4. ನಾನು 16. ಅವರು 8. ನಾನು 32. ಅವರು ಸೆರಗಿನ ಗಂಟು ಬಿಚ್ಚಿ 16 ಹಾಕಿದರು. ಚಾವಡಿಯಲ್ಲಿ ಮಾತು ನಿಂತಿತ್ತು. ನಾನು ಪುನಃ 32 ಹಾಕಿದೆ. ಆಗ ಅವರು ಅಂದಿನ ದಿನದಲ್ಲಿ ಮೊದಲ ಬಾರಿ ಎಲೆ ಎತ್ತಿ ನೋಡಿದರು. ಮುಖ ಅರಳಿತು. ಅವರಿಗೆ ಮುಖ ಮುಚ್ಚಿಕೊಳ್ಳುವ ಅಭ್ಯಾಸ ಇಲ್ಲ. ಜೋಡಿ ಇದೆ ಎಂದು ನನಗೆ ಆಗಲೇ ಗೊತ್ತಾಯಿತು. 32 ಹಾಕಿದರು.

ಈಗ ನನ್ನ ಸರದಿ. ಇಬ್ಬರೇ ಉಳಿದಿದ್ದೆವು, ಇಬ್ಬರೂ ಎಲೆ ನೋಡಿದ್ದೆವು. ನಾನು 32 ಹಾಕಿ ಶೋ ಕೇಳಬಹುದಿತ್ತು. ಆಟ ಅಲ್ಲಿಗೆ ಮುಗಿಯುತ್ತಿತ್ತು, ದುಡ್ಡು ನನಗೇ ಬರುತ್ತಿತ್ತು. ನಾನು 32 ಹಾಕಿದೆ, ಶೋ ಕೇಳಲಿಲ್ಲ. ಕೇಳದಿದ್ದರೆ ಅವರು ಇನ್ನೊಮ್ಮೆ ಹಾಕಬೇಕಾಗುತ್ತದೆ. ಹಾಕಿದರು. ಶೋ ಎಂದರು. ಹತ್ತರ ಜೋಡಿ.

ಅವರು ಒಟ್ಟು ಕಳೆದುಕೊಂಡದ್ದು 95 ರೂಪಾಯಿ. ಆ ಕಾಲಕ್ಕೆ ಎರಡು-ಮೂರು ದಿನದ ಬೀಡಿ. "ಟೀಚರಿನ ಎಕ್ಕ ಭಾರಿ ಗಟ್ಟಿ" ಎಂದು ನಗುತ್ತಾ ಎದ್ದರು. ಚಹಾದ ಲೋಟ ತೊಳೆದಿಟ್ಟು ಹೋದರು. ಬೇಡವೆಂದರೂ ಕೇಳುವವರಲ್ಲ.

ಎರಡು ದಿನ ಬಿಟ್ಟು ಶಾಲೆಯಲ್ಲಿ ಟೂರಿನ ದುಡ್ಡು ಸಂಗ್ರಹಿಸುತ್ತಿದ್ದೆ. ಪ್ರತಿ ವರ್ಷದಂತೆ ಬೇಲೂರು, ಹಳೇಬೀಡು. ಒಂಬತ್ತನೆಯ ತರಗತಿಯಲ್ಲಿ ಅವರ ಮಗ ಇದ್ದ. ಹಿಂದಿನ ವಾರ ಹೆಸರು ಕೊಟ್ಟವನು ಬಂದು, "ನಾನು ಬರುವುದಿಲ್ಲ ಟೀಚರ್, ಬಸ್ಸಿನಲ್ಲಿ ವಾಂತಿ ಆಗ್ತದೆ" ಎಂದ. ಅವನಿಗೆ ಬಸ್ಸಿನಲ್ಲಿ ವಾಂತಿ ಆಗುತ್ತದೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಚಾರ್ಮಾಡಿ ಘಾಟಿಯಲ್ಲಿ ಎಷ್ಟೋ ಮಕ್ಕಳಿಗೆ ಆಗುತ್ತದೆ, ಸುಳ್ಳಲ್ಲ. ನಾನು ಹೆಸರಿನ ಮೇಲೆ ಗೆರೆ ಎಳೆದೆ.

ಅಲ್ಲಿಂದ ನನ್ನ ವಾದ ಶುರುವಾಯಿತು, ನನ್ನೊಡನೆ ನಾನೇ. ಮೋಸ ಮಾಡಿದೆನೇ? ಇಲ್ಲ. ಎಲೆ ಕಲಸಿದ್ದು ಬೇರೆಯವರು. ನಿಯಮ ಎಲ್ಲರಿಗೂ ಒಂದೇ. ಅವರ ಕೈಗೆ ಮೂರು ಹತ್ತು ಬಂದಿದ್ದರೆ ನನ್ನ 125 ರೂಪಾಯಿ ಅವರ ಸೆರಗಿಗೆ ಹೋಗುತ್ತಿತ್ತು, ನಾನು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮತ್ತೆ ನಾನು ಮೊದಲೇ ಏರಿಸಿ ಎಚ್ಚರಿಸಿದ್ದೆನಲ್ಲ? ಇಲ್ಲಿಗೆ ಬಂದಾಗ ಕಾಲು ಸಿಕ್ಕಿಕೊಳ್ಳುತ್ತಿತ್ತು. ಡಂಗುರ ಹೊಡೆಯುವುದು ಕೇಳುವವರಿಗೆ. ಅವರು ಕೇಳುವುದಿಲ್ಲ, ಏಳುವುದಿಲ್ಲ ಎಂದು ನನಗೆ ಹೊಡೆಯುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೊಡೆದೆ. ಇಷ್ಟೇ ಆದರೆ ಸಹಿಸಬಹುದು. ಕೇಳುವುದಿಲ್ಲ ಎಂಬ ಭರವಸೆಯಿಂದಲೇ ಹೊಡೆದೆ. ಬೀಡಿ ಕಟ್ಟಿನ ಮೇಲೆ ಆರೋಗ್ಯಕ್ಕೆ ಹಾನಿಕರ ಎಂದು ಅಚ್ಚು ಹಾಕಿ ಮಾರುವವರಿಗೂ ನನಗೂ ಏನು ವ್ಯತ್ಯಾಸ? ಅವರೂ ಹೇಳಿಯೇ ಮಾರುತ್ತಾರೆ. ಎಲ್ಲರೂ ಓದಿ ಬಿಟ್ಟುಬಿಟ್ಟರೆ ಅಂಗಡಿ ಮುಚ್ಚಬೇಕು ಎಂದೂ ಬಲ್ಲರು.

ಕಾನೂನು ಈ ವಿಷಯದಲ್ಲಿ ಒಂದು ತಮಾಷೆ ಮಾಡಿದೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯ ಬಗ್ಗೆ ತೀರ್ಪು ಕೊಡುವಾಗ, ಅದರಲ್ಲಿ ಬುದ್ಧಿಯ ಪಾಲೇ ಹೆಚ್ಚು, ಮೂರೆಲೆ ಆಟದಂತೆ ಬರೀ ಅದೃಷ್ಟದ ಆಟ ಅದಲ್ಲ ಎಂದಿತು. ಅಂದಿನಿಂದ ಬುದ್ಧಿ ಇದ್ದರೆ ಆಟ, ಅದೃಷ್ಟವಾದರೆ ಜೂಜು ಎಂಬ ಗೆರೆ ಗಟ್ಟಿಯಾಯಿತು. ನನ್ನ ಮನಸ್ಸಾಕ್ಷಿಯ ಕೋರ್ಟಿನಲ್ಲಿ ಮಾತ್ರ ತೀರ್ಪು ತಿರುವುಮುರುವು. ಆ ದಿನದ್ದು ಬರೀ ಅದೃಷ್ಟವಾಗಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಎಕ್ಕ ಬಂದದ್ದು ಅದೃಷ್ಟ. 4, 8, 16 ಎಂದು ಏರಿಸಿದ್ದು, ಅವರ ಮುಖ ಓದಿದ್ದು, ಶೋ ಕೇಳದೆ ಉಳಿದದ್ದು, ಇದೆಲ್ಲ ಬುದ್ಧಿ. ಕುತ್ತಿಗೆಗೆ ಬಂದದ್ದು ಆ ಬುದ್ಧಿಯೇ.

ಬೆಳ್ತಂಗಡಿಯಲ್ಲಿರುವ ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕೆಲವು ವರ್ಷ ಫೋನಿನಲ್ಲಿ ಪೋಕರ್ ಆಡುತ್ತಿದ್ದ. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳಿಗೆಲ್ಲ ನಿಷೇಧದ ಕಾನೂನು ತಂದಾಗ ಅವನಿಗಿಂತ ಅವನ ಅಮ್ಮನಿಗೆ ನೆಮ್ಮದಿ. ಅದಕ್ಕೆ ಮೊದಲು ಒಂದು ರಜೆಯಲ್ಲಿ ಬಂದಿದ್ದಾಗ ಅದನ್ನು ನನಗೆ ಹೇಳಿಕೊಟ್ಟಿದ್ದ. ಕೈಯಲ್ಲಿ ಎರಡೇ ಎಲೆ, ಆಮೇಲೆ ಎಲ್ಲರಿಗೂ ಸೇರಿ ನಡುವೆ ಐದು ಎಲೆ ತೆರೆಯುತ್ತಾರೆ. ಎರಡೂ ಎಕ್ಕ ಬರುವುದು 221 ಸಲಕ್ಕೊಮ್ಮೆ. ಬಂದಾಗ ನಡುವಿನ ಎಲೆ ತೆರೆಯುವ ಮೊದಲೇ ಏರಿಸಬೇಕಂತೆ. ಎದುರಿಗೆ ಒಬ್ಬನೇ ಇದ್ದರೆ ಅದು ನೂರಕ್ಕೆ 85 ಸಲ ಗೆಲ್ಲುತ್ತದೆ, ಒಂಬತ್ತು ಮಂದಿ ಕೊನೆಯ ತನಕ ಉಳಿದರೆ ಸುಮಾರು 31 ಸಲ ಮಾತ್ರ. "ಹಾಗಾದರೆ ತುಂಬ ಮಂದಿ ಉಳಿದರೆ ನಷ್ಟವಾ?" ಎಂದೆ. "ಇಲ್ಲ ದೊಡ್ಡಮ್ಮ, ಅದೇ ಲಾಭ. ಹತ್ತು ಪಾಲಿನಲ್ಲಿ ನೀವು ಹಾಕುವುದು ಒಂದು, ತೆಗೆಯುವುದು ಮೂರು. ಕೈ ಸಡಿಲ ಇರುವವರ ನಡುವೆ ಸುಳ್ಳು ಹೆದರಿಸಲು ಹೋಗಬಾರದು, ಅವರು ಹೆದರುವುದಿಲ್ಲ. ಒಳ್ಳೆಯ ಎಲೆ ಬಂದಾಗ ಜೋರಾಗಿ ಏರಿಸಬೇಕು. ಅವರು ಹೇಗೂ ಕೊಡುತ್ತಾರೆ."

ಹೇಗೂ ಕೊಡುತ್ತಾರೆ! ನಾನು ಕೆಂಪು ಪೆನ್ನು ಹಿಡಿದು ಯಾರಿಗೂ ಹೇಳದೆ ಕಂಡುಕೊಂಡದ್ದನ್ನು ಈ ಹುಡುಗ ಎಲ್ಲಿಯೋ ಓದಿ ನಿರಾತಂಕವಾಗಿ ಹೇಳುತ್ತಿದ್ದಾನೆ. "ಆ ಕಡೆ ಇರುವವನು ಯಾರು ಗೊತ್ತುಂಟಾ ನಿನಗೆ?" ಎಂದು ಕೇಳಿದೆ. "ಹೆಸರು ಮಾತ್ರ ಕಾಣುತ್ತದೆ, ಅದೂ ಸುಳ್ಳು ಹೆಸರು" ಎಂದ. ಅವನಿಗೆ ಅಷ್ಟು ಸುಲಭ. ನನಗೆ ಎದುರಿಗಿದ್ದವರ ಸೆರಗಿನ ಗಂಟು ಕಾಣುತ್ತಿತ್ತು.

ದುಡ್ಡಿಲ್ಲದಿದ್ದರೆ ಆಟ ನಿರ್ಮಲ ಎಂದು ಹೇಳಲೂ ನಮ್ಮ ಕಡೆಯವರಿಗೆ ಬಾಯಿ ಬಾರದು. ಆಟಿ ತಿಂಗಳ ಮಳೆಯಲ್ಲಿ ಹೆಂಗಸರು ಆಡುವ ಚೆನ್ನೆಮಣೆಗೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ. ಪಣ ಎಂದರೆ ಆ ಕಾಯಿಗಳೇ. ಆದರೂ ನಮ್ಮಮ್ಮ ನನ್ನನ್ನೂ ತಂಗಿಯನ್ನೂ ಎದುರುಬದುರು ಕೂರಲು ಬಿಡುತ್ತಿರಲಿಲ್ಲ. ಸಿರಿ ಪಾಡ್ದನದ ಅವಳಿ ಅಕ್ಕತಂಗಿಯರು ಅಬ್ಬಗ, ದಾರಗ ಚೆನ್ನೆ ಆಡುತ್ತಾ ಜಗಳ ಬಂದು, ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದಲೇ ಹೊಡೆದು, ಇಬ್ಬರೂ ಉಳಿಯದೆ ಹೋದ ಕತೆ ಅದಕ್ಕೆ ಕಾರಣ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಸಿರಿಯ ಕತೆಯನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ದಾಖಲಿಸಿ 1998ರಲ್ಲಿ ಪುಸ್ತಕ ಮಾಡಿಸಿದರು. ಅಷ್ಟು ಉದ್ದದ ಕತೆಯಲ್ಲಿ ಹೆಣ್ಣುಮಕ್ಕಳ ಜೀವ ಹೋಗುವುದಕ್ಕೆ ಒಂದು ಆಟದ ಮಣೆ ಸಾಕಾಯಿತು. ಮೊದಲು ಗೆಲ್ಲುತ್ತಾ ಹೋದವಳಿಗೆ ಎಲ್ಲಾದರೊಂದು ಕಡೆ ನಿಲ್ಲಿಸಬೇಕೆಂದು ತೋರಿರಬಹುದೇ, ತೋರಿಯೂ ಇನ್ನೊಂದು ಸುತ್ತು ಆಡಿದಳೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಯಕ್ಷಗಾನದಲ್ಲಿ ದ್ಯೂತಪ್ರಸಂಗ ನೋಡುವಾಗ ಸಿಟ್ಟೆಲ್ಲ ಶಕುನಿಯ ಮೇಲೆ ಹೋಗುತ್ತದೆ, ದಾಳದ ಮೋಸ ಕಣ್ಣಿಗೆ ಕಟ್ಟುತ್ತದೆ. ದಾಳದಲ್ಲಿ ಮೋಸವೇ ಇಲ್ಲದಿದ್ದರೆ? ಧರ್ಮರಾಯ ಏಳುವವನಲ್ಲ ಎಂದು ಅವನಿಗೆ ಗೊತ್ತಿತ್ತಲ್ಲ, ಅಷ್ಟೇ ಸಾಲುತ್ತಿತ್ತು. ದ್ರೌಪದಿ ಸಭೆಗೆ ಕೇಳಿದ ಪ್ರಶ್ನೆ ಗಂಡನ ಬಗ್ಗೆ: ತನ್ನನ್ನು ಸೋತ ಮೇಲೆ ನನ್ನನ್ನು ಪಣಕ್ಕಿಡಲು ಅವನು ಯಾರು ಎಂದು. ಇಟ್ಟದ್ದನ್ನು ತೆಗೆದುಕೊಂಡವರನ್ನು ಯಾರೂ ಅಷ್ಟು ಬಿಗಿಯಾಗಿ ಪ್ರಶ್ನೆ ಕೇಳಲಿಲ್ಲ. ಹೆಂಗಸರೇ ಕುಳಿತು ಆಡುವ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು ಎನಿಸುತ್ತದೆ. ನಡುವೆ ಬಿದ್ದ ಆ 32 ರೂಪಾಯಿ ಮೂಲೆಮನೆ ಅಕ್ಕನ ಬೆರಳಿನದ್ದು ಹೌದು. ಅವರೊಬ್ಬರದ್ದೇ ಆಗಿತ್ತೇ?

ದುಡ್ಡು ಹಿಂದೆ ಕೊಡಬೇಕೆಂದು ನಿರ್ಧರಿಸಿದೆ. ಹೇಗೆ? ಕವರಿನಲ್ಲಿ ಹಾಕಿ ಕೊಟ್ಟರೆ ಭಿಕ್ಷೆ. ಟೂರಿಗೆ ಹುಡುಗನ ಹೆಸರಿನಲ್ಲಿ ಕಟ್ಟೋಣವೆಂದರೆ ಟೂರು ಹೋಗಿ ಬಂದಾಗಿತ್ತು. ಅವರು ಬೇಸಗೆಯಲ್ಲಿ ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದರು. ಮುಂದಿನ ಏಪ್ರಿಲಿನಲ್ಲಿ ಐದು ಕಟ್ಟು ತೆಗೆದುಕೊಂಡು, ನೋಟುಗಳನ್ನು ಮಡಚಿ, ಎಣಿಸದವಳಂತೆ ಕೈಗೆ ತುರುಕಿ ಒಳಗೆ ಬಂದೆ. ಕಾಲು ಗಂಟೆಯಲ್ಲಿ ಬಾಗಿಲು ತಟ್ಟಿದರು. ಹೆಚ್ಚಿನ ದುಡ್ಡು ಮೇಜಿನ ಮೇಲಿಟ್ಟರು.

"ಲೆಕ್ಕದ ಟೀಚರಿಗೆ ಲೆಕ್ಕ ತಪ್ಪುತ್ತದಾ?"

ನಾನು ಏನೋ ತೊದಲಿದೆ. ಅವರು ಹೊಸ್ತಿಲಲ್ಲೇ ನಿಂತು ಹೇಳಿದರು, "ನಾನು ಗೆದ್ದಿದ್ದರೆ ನೀವು ಹೀಗೆ ಬಂದು ಹಿಂದೆ ಕೇಳುತ್ತಿದ್ದಿರಾ? ಇಲ್ಲ ಅಲ್ಲವಾ? ಮತ್ತೆ ನಾನು ಸೋತದ್ದನ್ನು ಯಾಕೆ ಕೊಡುತ್ತೀರಿ? ನಿಮ್ಮ ಚಾವಡಿಯಲ್ಲಿ ನಿಮ್ಮ ಸಮ ಕೂತು ಆಡಿದ್ದೇನೆ ಎಂದು ಮಾಡಿದ್ದೆ."

ಅದರ ಮೇಲೆ ನನಗೆ ಉತ್ತರ ಇರಲಿಲ್ಲ. ಏರಿಸಿದ್ದು ತಪ್ಪೆಂದು ಅಷ್ಟು ತಿಂಗಳು ತಲೆ ಕೆಡಿಸಿಕೊಂಡವಳಿಗೆ, ಇಳಿಸಿದ್ದರೂ ಅದು ಇನ್ನೊಂದು ತಪ್ಪಾಗುತ್ತಿತ್ತೋ ಏನೋ ಎಂಬ ಯೋಚನೆ ಮೊದಲ ಬಾರಿ ಬಂತು. ಪಾಪ, ಇವರಿಗೆ ತಿಳಿಯದು ಎಂದು ಕನಿಕರದಿಂದ ಮೆಲ್ಲಗೆ ಆಡಿದ್ದರೆ, ಗೊತ್ತಾದ ದಿನ ಅವರು ನಮ್ಮ ಮನೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೂ ಕೊನೆಯ ಆ 32 ರೂಪಾಯಿ ಒಂದು ನ್ಯಾಯಕ್ಕೂ ಒಗ್ಗುವುದಿಲ್ಲ. 63 ರೂಪಾಯಿಯ ತನಕ ಆಡಿದೆವು ಎನ್ನಬಹುದು. ಆಮೇಲಿನದ್ದು ಗೆದ್ದ ಮೇಲೂ ಗೆದ್ದದ್ದು.

ಚೀಟಿ ಮುಗಿದ ಮೇಲೆ ನಾವು ಪುನಃ ಕಟ್ಟಲಿಲ್ಲ. ಇಬ್ಬರು ಬಿ.ಸಿ. ರೋಡಿಗೆ ಮನೆ ಮಾಡಿದರು, ಎದುರುಮನೆಯವರು ತೀರಿಕೊಂಡರು. ನಾನು ಆಮೇಲೆ ದುಡ್ಡಿಟ್ಟು ಆಡಿದ್ದಿಲ್ಲ. ವ್ರತವೇನೂ ಅಲ್ಲ, ಕರೆಯುವವರಿಲ್ಲ.

ಹೋದ ವರ್ಷ ಮೂಡುಬಿದಿರೆಗೆ ಹೋಗಲೆಂದು ಸಿದ್ಧಕಟ್ಟೆ ದಾರಿಯ ಬಸ್ಸಿಗೆ ಕಾಯುತ್ತಿದ್ದೆ. ಮೂಲೆಮನೆ ಅಕ್ಕ ಸಿಕ್ಕಿದರು. ತಲೆ ಪೂರ ಬೆಳ್ಳಗಾಗಿದೆ, ಬೆರಳು ಗಂಟು ಕಟ್ಟಿವೆ, ಬೀಡಿ ಬಿಟ್ಟು ವರ್ಷಗಳಾದವಂತೆ. ಮಗನ ಮನೆಯಲ್ಲಿದ್ದಾರೆ. ಮೊಮ್ಮಕ್ಕಳೊಡನೆ ಮೂರೆಲೆ ಆಡುತ್ತಾರಂತೆ, ಬಟಾಣಿ ಇಟ್ಟು.

"ಈಗ ಬ್ಲೈಂಡ್ ಇಲ್ಲ ಟೀಚರೇ. ನೋಡಿಯೇ ಆಡುವುದು."

"ಮೊಮ್ಮಕ್ಕಳಿಗೆ ಸೋಲುತ್ತೀರಾ?"

"ಎಂತದು ಸೋಲುವುದು? ಕಣ್ಣೀರು ಹಾಕಿಸುತ್ತೇನೆ" ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, ರಸ್ತೆಯ ಕಡೆ ನೋಡುತ್ತಲೇ ಕೇಳಿದರು, "ಆ ದಿನ ನಿಮ್ಮ ಕೈಯಲ್ಲಿ ಎರಡು ಎಕ್ಕ ಅಲ್ಲವಾ? ಮೂರನೆಯದು ಎಂತ ಇತ್ತು?"

"ಆಟೀನಿನ ಒಂಬತ್ತು" ಎಂದೆ.

"ಹಾಂ, ಒಂಬತ್ತು" ಎಂದರು. ಬಸ್ಸು ಬಂತು.